ಹತ್ತಕ್ಕೆ ಮೂರು

ಮೈಸೂರು
10 ಜೂನ್ 2024

ಶ್ರೀಮತಿ ವಿಶಾಲಮ್ಮನವರಿಗೆ,

ನಮಸ್ಕಾರ. ನಾನು ಹೇಮಾಶ್ರೀ. ಹಳೇಬೀಡಿನ ಹೈಸ್ಕೂಲಿನಲ್ಲಿ ರೇವಣಸಿದ್ದಪ್ಪ ಮೇಷ್ಟ್ರ ಹತ್ತಿರ ಡ್ರಾಯಿಂಗ್ ಕಲಿತವಳು. ನಿಮ್ಮ ಮನೆಗೆ ಎಷ್ಟೋ ಸಲ ಬಂದಿದ್ದೇನೆ, ನಿಮಗೆ ನೆನಪಿದೆಯೋ ಇಲ್ಲವೋ. ಈಗ ಮೈಸೂರಿನಲ್ಲಿ ನನ್ನದೇ ಒಂದು ಚಿಕ್ಕ ಪ್ರೆಸ್ ಇಟ್ಟುಕೊಂಡಿದ್ದೇನೆ. ಪುಸ್ತಕ ಅಚ್ಚು ಹಾಕುವುದಲ್ಲ, ಚಿತ್ರ ಅಚ್ಚು ಹಾಕುವ ಕೈಪ್ರೆಸ್.

ಮೇಷ್ಟ್ರು ಪ್ರತಿ ದಸರಾ ರಜೆಯಲ್ಲಿ ಇಲ್ಲಿಗೆ ಬರುತ್ತಿದ್ದುದು ನಿಮಗೆ ಗೊತ್ತಿದೆ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಚಿತ್ರ ಗೀಚಿಕೊಂಡು ಬರುತ್ತಿದ್ದರು. ನಾವು ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಅಚ್ಚು ತೆಗೆಯುತ್ತಿದ್ದೆವು. ಅಚ್ಚುಗಳು ನನ್ನ ಬಳಿ ಇವೆ. ತಗಡುಗಳನ್ನು ಅವರು ಊರಿಗೆ ಒಯ್ದರು.

ಸೆಪ್ಟೆಂಬರಿನಲ್ಲಿ ಇಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದೇವೆ. ಹಾಸನದ ಕಡೆಯ ಊರುಗಳನ್ನು ಕುರಿತ ರೇಖಾಚಿತ್ರ, ಅಚ್ಚುಚಿತ್ರಗಳು. ಆರು ಜನ ಕಲಾವಿದರು. ದೇವಸ್ಥಾನದ ಚಿತ್ರ ಒಂದೂ ಇರಬಾರದೆಂದು ನಾವೇ ಹಾಕಿಕೊಂಡ ನಿಯಮ. ಈ ಯೋಚನೆ ನಮಗೆ ಬಂದದ್ದೇ ಮೇಷ್ಟ್ರ ಚಿತ್ರಗಳಿಂದ. ಅವುಗಳನ್ನು ಗೋಡೆಗೆ ಹಾಕಲು ನಿಮ್ಮ ಒಪ್ಪಿಗೆಯ ಪತ್ರ ಬೇಕು. ತಗಡುಗಳನ್ನೂ ಕೊಟ್ಟರೆ ಪಕ್ಕದಲ್ಲೇ ಇಟ್ಟು, ಜೋಪಾನವಾಗಿ ಹಿಂದಿರುಗಿಸುತ್ತೇನೆ.

ಇತಿ ನಿಮ್ಮ,
ಹೇಮಾಶ್ರೀ


ಬಸ್ತಿಹಳ್ಳಿ
27 ಜೂನ್ 2024

ಹೇಮಾಶ್ರೀ,

ಇದನ್ನು ನಿನಗೆ ಕಳಿಸುವುದಿಲ್ಲ. ಡೈರಿಯಲ್ಲೇ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಆದರೆ ದಿನಕ್ಕೆ ಅರ್ಧ ಪುಟವಾದರೂ ಡೈರಿ ಬರೆಯುವ ಅಭ್ಯಾಸ ಮದುವೆಯಾದಾಗಿನಿಂದ ಇದೆ. ನಾನು ಹಿಂದಿನ ಪಡಸಾಲೆಯಲ್ಲಿ ಕೂತು ಬರೆಯುವುದು, ಅವರು ಬಾಗಿಲ ಹತ್ತಿರ ಕೂತು ತಗಡಿನ ಮೇಲೆ ಗೀಚುವುದು. ಕರ ಕರ ಸದ್ದು. "ಏನ್ರೀ ಅದು, ತೋರಿಸ್ರೀ" ಅಂದರೆ "ಎಲ್ಲಾ ಆಗ್ಲಿ ಕಣೇ, ಆಮೇಲೆ" ಅನ್ನುತ್ತಿದ್ದರು. ನಾನೂ ಜಾಸ್ತಿ ಕೇಳಲಿಲ್ಲ.

ಅವರು ಹೋಗಿ ಆರು ತಿಂಗಳಾದ ಮೇಲೆ, ಮೇ ತಿಂಗಳಲ್ಲಿ, ಟ್ರಂಕು ತೆಗೆದೆ. ಹಳೆಯ ಪಂಚೆಯಲ್ಲಿ ಸುತ್ತಿದ್ದ ಎಂಟು ತಗಡು. ಬೆಳಕಿಗೆ ಹಿಡಿದು ನೋಡಿದೆ. ಅರಸೀಕೆರೆ ಬಸ್ ಸ್ಟ್ಯಾಂಡು. ನಮ್ಮ ಕೆಂಚಪ್ಪನ ಟೀ ಅಂಗಡಿ. ಕಣಕಟ್ಟೆಯಲ್ಲಿ ನನ್ನ ತವರಿನ ತೋಟ, ಕಾಯಿ ರಾಶಿ. ಬೇಲೂರಿನಲ್ಲಿ ಜನ ಚಪ್ಪಲಿ ಬಿಡುವ ಜಾಗ. ಬಿಕ್ಕೋಡಿನ ಕಾಫಿ ತೋಟಕ್ಕೆ ಆಳು ಹೊತ್ತ ಜೀಪು. ಹೀಗೆ ಏಳು.

ಏಳಕ್ಕೂ ಮೂಲೆಯಿಂದ ಮೂಲೆಗೆ ಎರಡು ಗೀರು ಎಳೆದಿದ್ದಾರೆ. ತಪ್ಪು ಹಾಕಿದ್ದಾರೆ. ಮೂವತ್ತು ವರ್ಷ ಅವರ ಪಕ್ಕ ಕೂತು ಉತ್ತರಪತ್ರಿಕೆಯ ಅಂಕ ಕೂಡಿಕೊಟ್ಟವಳು ನಾನು. ತಪ್ಪಿನ ಗುರುತು ನನಗೆ ಗೊತ್ತಿಲ್ಲವೇ? ಮೆಲ್ಲಗೆ ಹಾಕಿದ್ದಲ್ಲ, ತಗಡು ಹರಿಯುವ ಹಾಗೆ ಒತ್ತಿ ಎಳೆದಿದ್ದಾರೆ. ಈ ಊರು, ನನ್ನ ತವರು, ನಾವು ಬದುಕಿದ ಜಾಗ ಎಲ್ಲವೂ ಅವರಿಗೆ ತಪ್ಪಾಗಿ ಕಂಡಿತೇ? ನಮಗೆ ಮಕ್ಕಳಿಲ್ಲ, ಇನ್ನು ಯಾರನ್ನು ಕೇಳಲಿ?

ಎಂಟನೆಯದರಲ್ಲಿ ನಾನಿದ್ದೇನೆ. ಅದಕ್ಕೆ ಗೀರು ಇಲ್ಲ. ಹಾಕುವುದರೊಳಗೆ ಹೋಗಿಬಿಟ್ಟರು.


ಬಸ್ತಿಹಳ್ಳಿ
28 ಜೂನ್ 2024

ಹೇಮಾಶ್ರೀಯವರಿಗೆ,

ನಿಮ್ಮ ಪತ್ರ ಬಂತು. ನೆನಪಿದೆ, ಎರಡು ಜಡೆ ಹಾಕಿಕೊಂಡು ಬರುತ್ತಿದ್ದಿರಿ.

ಚಿತ್ರಗಳನ್ನು ಜನರ ಮುಂದೆ ಇಡುವುದು ಬೇಡ. ತಗಡುಗಳನ್ನೂ ಕೊಡಲು ಆಗುವುದಿಲ್ಲ. ಕಾರಣ ಕೇಳಬೇಡಿ.

ಇಲ್ಲಿ ಮಳೆ ಪರವಾಗಿಲ್ಲ.

ವಿಶಾಲಮ್ಮ


ಮೈಸೂರು
9 ಜುಲೈ 2024

ಅಮ್ಮ,

ಕಾರಣ ಕೇಳಬೇಡಿ ಎಂದು ಬರೆದಿದ್ದೀರಿ. ನನಗೆ ಕಾರಣ ಗೊತ್ತು. ನಾನು ಮೇಷ್ಟ್ರ ಮಣ್ಣಿಗೆ ಬರಲಿಲ್ಲ.

ಸುದ್ದಿ ಅವತ್ತು ಬೆಳಗ್ಗೆಯೇ ಗೊತ್ತಾಗಿತ್ತು. ಬಸ್ ಹತ್ತಿ ಹಾಸನದವರೆಗೂ ಬಂದೆ. ಹಳೇಬೀಡಿನ ಬಸ್ ಎದುರಿಗೇ ನಿಂತಿತ್ತು. ಕಂಡಕ್ಟರ್ "ಹತ್ತಮ್ಮ, ಸೀಟ್ ಐತೆ" ಎಂದು ಎರಡು ಸಲ ಕರೆದ. ನಾನು ಹತ್ತಲಿಲ್ಲ. ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು ಮೈಸೂರಿನ ಬಸ್ ಹಿಡಿದೆ. ಇದನ್ನು ಯಾರಿಗೂ ಹೇಳಿಲ್ಲ.

ಅದರ ಹಿಂದಿನ ತಿಂಗಳು ದಸರಾಕ್ಕೆ ಬಂದಾಗಲೇ ಅವರು ಕೆಮ್ಮುತ್ತಿದ್ದರು. ಪ್ರೆಸ್ಸಿನ ಚಕ್ರ ತಿರುಗಿಸುವಾಗ ಉಸಿರು ಕಟ್ಟುತ್ತಿತ್ತು. "ಡಾಕ್ಟರ ಹತ್ತಿರ ಹೋಗೋಣ ಸಾರ್" ಅಂದೆ. "ಮೊದ್ಲು ಕೆಲ್ಸ, ಆಮೇಲೆ ಡಾಕ್ಟ್ರು" ಅಂದರು. ನಾನು ಗಟ್ಟಿಯಾಗಿ ಹೇಳಬೇಕಿತ್ತು. ನಿಮಗಾದರೂ ಒಂದು ಮಾತು ತಿಳಿಸಬೇಕಿತ್ತು. ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ.

ಸಿಟ್ಟಿದ್ದರೆ ನನ್ನ ಮೇಲೆ ಇರಲಿ. ಚಿತ್ರಗಳ ಮೇಲೆ ಬೇಡ. ಜೊತೆಗೆ ಒಂದು ಅಚ್ಚು ಕಳಿಸುತ್ತಿದ್ದೇನೆ, ರಟ್ಟಿನ ನಡುವೆ ಇಟ್ಟಿದ್ದೇನೆ. ಅದು ಅವರ ಕಡೆಯ ಕೆಲಸ. ಅದು ನಿಮ್ಮದೇ. ಪ್ರದರ್ಶನಕ್ಕೆ ಒಪ್ಪದಿದ್ದರೂ ಅದು ನಿಮ್ಮ ಹತ್ತಿರವೇ ಇರಲಿ.

ಹೇಮಾಶ್ರೀ


ಬಸ್ತಿಹಳ್ಳಿ
25 ಜುಲೈ 2024

ಹೇಮಾಶ್ರೀಗೆ,

ನೀನು ಬಸ್ ಹತ್ತದೆ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ನನ್ನ ಡೈರಿಯಲ್ಲೂ ಇಲ್ಲ. ಆ ಪುಟ ಖಾಲಿ ಇದೆ. ಕೆಮ್ಮಿನ ಮಾತು ಹೇಳುವುದಾದರೆ, ಇಲ್ಲಿ ನಾನೂ ನೂರು ಸಲ ಹೇಳಿದ್ದೆ. ಅವರು ನನ್ನ ಮಾತನ್ನೇ ಕೇಳಲಿಲ್ಲ, ನಿನ್ನ ಮಾತು ಕೇಳುತ್ತಿದ್ದರೇ? ಅದನ್ನು ತಲೆಯಿಂದ ತೆಗೆದುಹಾಕು.

ಚಿತ್ರ ವಾಪಸ್ ಕಳಿಸುತ್ತಿದ್ದೇನೆ. ನನಗೆ ಬೇಡ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಬಂತು, ಇರುವುದನ್ನು ಹೇಳಿಬಿಡುತ್ತೇನೆ.

ಆ ಕಾಗದದ ಕೆಳಗೆ ಪೆನ್ಸಿಲಿನಲ್ಲಿ ಅವರ ಕೈಬರಹ ಇದೆ. ಎಡಗಡೆ 3/10. ಮಧ್ಯ "ಬಸ್ತಿಹಳ್ಳಿ". ಬಲಗಡೆ ಅವರ ಸಹಿ. ಹತ್ತಕ್ಕೆ ಮೂರು. ಅವರು ಡ್ರಾಯಿಂಗಿನಲ್ಲಿ ಯಾವ ಮಗುವಿಗೂ ಹತ್ತಕ್ಕೆ ಐದಕ್ಕಿಂತ ಕಡಿಮೆ ಕೊಟ್ಟವರಲ್ಲ. ಬರೀ ಗೆರೆ ಎಳೆದು ಎದ್ದು ಹೋದ ಮಗುವಿಗೂ ಐದು ಹಾಕುತ್ತಿದ್ದರು. ನನಗೆ ಮೂರು.

ಯಾಕೆಂದು ನಾನೇ ಯೋಚಿಸಿದೆ. ಬಸ್ತಿಹಳ್ಳಿ ಅಂತ ಹೆಸರು ಬರೆದಿದ್ದಾರೆ, ಅದರಲ್ಲಿ ಬಸದಿಯೇ ಇಲ್ಲ. ದೇಶಾಂತರದಿಂದ ಜನ ಬಂದು ನೋಡುವ ಕಲ್ಲುಕಂಬ ಇಲ್ಲ, ನಮ್ಮ ಮನೆಯೂ ಪೂರ್ತಿ ಇಲ್ಲ. ನಾನು ಬೆನ್ನು ಹಾಕಿ ಕೂತು ಬರೆಯುತ್ತಿದ್ದೇನೆ, ಅಷ್ಟೆ. ಸೆರಗೂ ಸರಿಯಾಗಿಲ್ಲ. ಮೂರೇ ಜಾಸ್ತಿ ಆಯಿತು.

ಉಳಿದ ಏಳು ತಗಡಿಗೂ ಅವರೇ ಅಡ್ಡ ಗೀರು ಎಳೆದು ತಪ್ಪು ಹಾಕಿದ್ದಾರೆ. ಅವರು ತಪ್ಪು ಅಂದದ್ದನ್ನು ನಾವು ತೆಗೆದು ಗೋಡೆಗೆ ಹಾಕುವುದು ಸರಿಯಲ್ಲ. ಎರಡು ತಗಡು ನೀರಿನ ಹಂಡೆಗೆ, ಎರಡು ರಾಗಿ ಡಬ್ಬಕ್ಕೆ ಮುಚ್ಚಿದ್ದೇನೆ. ನಮ್ಮ ತಮ್ಮ ಇಂದ್ರೇಶ ಕಣಕಟ್ಟೆಯಿಂದ ಬಂದವನು, "ಪಾತ್ರೆ ಅಂಗಡಿಗೆ ಹಾಕಿ ಒಂದು ಚೆಂಬು ತಗೊಳ್ಳೋಣ ಬಿಡಕ್ಕ" ಅಂದ. ವರ್ಷದ ಕಾರ್ಯಕ್ಕೆ ಚೆಂಬು ಬೇಕಾಗುತ್ತೆ. ಮುಂದಿನ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಬರುತ್ತೇನೆ ಅಂದಿದ್ದಾನೆ.

ನಿನ್ನ ರಟ್ಟು ಪೋಸ್ಟಾಫೀಸಿನ ಕವರಿಗೆ ಹಿಡಿಸಲಿಲ್ಲ. ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೇನೆ.

ವಿಶಾಲಮ್ಮ


ಮೈಸೂರು
30 ಜುಲೈ 2024
(ಸ್ಪೀಡ್ ಪೋಸ್ಟ್)

ಅಮ್ಮ,

ಮೊದಲು ಇಂದ್ರೇಶಣ್ಣನನ್ನು ತಡೆಯಿರಿ. ಆಮೇಲೆ ಓದಿ. ನನ್ನ ಹತ್ತಿರ ಇರುವುದು ಮೇಷ್ಟ್ರ ನಂಬರ್ ಒಂದೇ. ಅದು ಆಫ್ ಆಗಿದೆ ಎಂದು ಗೊತ್ತಿದ್ದೂ ಬೆಳಗ್ಗೆಯಿಂದ ಒತ್ತುತ್ತಿದ್ದೇನೆ.

ಅದು ತಪ್ಪಿನ ಗುರುತಲ್ಲ ಅಮ್ಮ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ತಗಡಿನಿಂದ ಎಷ್ಟು ಅಚ್ಚು ತೆಗೆಯುತ್ತೇವೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. ಮೇಷ್ಟ್ರು ಹತ್ತು ಎಂದು ಗೊತ್ತು ಮಾಡಿದ್ದರು. ಹತ್ತೂ ಚೆನ್ನಾಗಿ ಬಂದ ಮೇಲೆ, ಇನ್ನು ಯಾರೂ ಹನ್ನೊಂದನೆಯದನ್ನು ತೆಗೆಯಬಾರದೆಂದು ತಗಡಿನ ಮೇಲೆ ನಾವೇ ಅಡ್ಡ ಗೀರು ಎಳೆಯುತ್ತೇವೆ. ಕೆಲಸ ಕೆಟ್ಟಿದೆ ಎಂದಲ್ಲ, ಮುಗಿಯಿತು ಎಂದು. ಕೆಟ್ಟ ತಗಡಿಗೆ ಯಾರೂ ಗೀರು ಎಳೆಯುವುದಿಲ್ಲ, ಉಜ್ಜಿ ಬೇರೆ ಚಿತ್ರಕ್ಕೆ ಇಟ್ಟುಕೊಳ್ಳುತ್ತಾರೆ. ಗೀರು ಎಳೆಯುವ ದಿನ ಮೇಷ್ಟ್ರು ನನಗೆ ಮೈಲಾರಿ ಹೋಟೆಲಿನ ದೋಸೆ ಕೊಡಿಸುತ್ತಿದ್ದರು. ಏಳು ಸಲ ಕೊಡಿಸಿದ್ದಾರೆ.

3/10 ಅಂಕವಲ್ಲ. ಹತ್ತರಲ್ಲಿ ಮೂರನೆಯದು ಎಂದು. ಒಂದೊಂದು ಅಚ್ಚಿಗೂ ಹಾಗೆ ಲೆಕ್ಕ ಬರೆಯುತ್ತೇವೆ. ಹಿಂದಿನ ದಸರೆಯಲ್ಲಿ ಮೂರು ತೆಗೆಯುವಷ್ಟರಲ್ಲಿ ಅವರಿಗೆ ಕೆಮ್ಮು ಜಾಸ್ತಿಯಾಯಿತು. "ಉಳಿದದ್ದು ಬರೋ ವರ್ಷ" ಎಂದು ತಗಡು ಸುತ್ತಿಕೊಂಡು ಹೊರಟರು. ಎಂಟನೆಯದಕ್ಕೆ ಗೀರು ಇಲ್ಲದಿರುವುದು ಅದಕ್ಕೇ. ಅದರ ಕೆಲಸ ಇನ್ನೂ ಬಾಕಿ ಇದೆ.

ಬಸದಿ ಎಲ್ಲಿ ಎಂದು ನಾನೂ ಕೇಳಿದ್ದೆ. "ಏಳು ಚಿತ್ರಕ್ಕೂ ಊರಿನ ಹೆಸರೇ ಇಟ್ಟಿದ್ದೀರಿ, ಆ ಊರು ಅದರಲ್ಲಿದೆ. ಇದಕ್ಕೆ ಬಸ್ತಿಹಳ್ಳಿ ಅಂತೀರಿ, ಅಮ್ಮ ಒಬ್ಬರೇ ಇದ್ದಾರಲ್ಲ ಸಾರ್" ಎಂದೆ. ಮಸಿ ಒರೆಸುತ್ತಾ, ತಲೆ ಎತ್ತದೆ ಹೇಳಿದರು: "ನಂಗೆ ಬಸ್ತಿಹಳ್ಳಿ ಅಂದ್ರೆ ಇಷ್ಟೇ ಕಣಮ್ಮ ಕಾಣೋದು."

ಎಂಟೂ ಮುಗಿದ ಮೇಲೆ ನಿಮ್ಮನ್ನು ಕರೆದುಕೊಂಡು ಬಂದು, ಒಟ್ಟಿಗೆ ಗೋಡೆಗೆ ಹಾಕಿ ತೋರಿಸಬೇಕೆಂದಿದ್ದರು. ನಿಮ್ಮ ಮೊದಲ ಪತ್ರಕ್ಕೇ ನಾನು ಇದನ್ನು ಬರೆಯಬೇಕಿತ್ತು. ನನ್ನ ತಪ್ಪಿನ ಲೆಕ್ಕದಲ್ಲೇ ಮುಳುಗಿದ್ದೆ.

ಹೇಮಾ


ಬಸ್ತಿಹಳ್ಳಿ
8 ಆಗಸ್ಟ್ 2024

ಹೇಮಾ,

ನಿನ್ನ ಪತ್ರ ಶನಿವಾರ ಬಂತು. ಸೋಮವಾರ ಇಂದ್ರೇಶ ಬಂದ. ಚೀಲ ಹಿಡಿದು ನಿಂತಿದ್ದವನಿಗೆ ಕಾಫಿ ಕೊಟ್ಟು, ನಿನ್ನ ಪತ್ರ ಕೈಗಿಟ್ಟೆ. ಓದಿ ಚೀಲ ಕೆಳಗಿಟ್ಟ. ಒಂದು ತಗಡಿನಲ್ಲಿ ಕಣಕಟ್ಟೆಯ ತೋಟವೂ ಇದೆ ಅಂದೆ. "ಅಲ್ಲಕ್ಕ, ಭಾವ ನಮ್ಮ ತೋಟದ ಚಿತ್ರಾನೂ ಬರ್ದವ್ರಾ? ಎಲ್ಲಿ, ತೆಗಿ" ಅಂದ. ಹಂಡೆಯ ಮೇಲಿಂದ ತೆಗೆದು ಕೊಟ್ಟೆ. ಬೆಳಕಿಗೆ ಓರೆ ಮಾಡಿ ಹಿಡಿದು, "ಇದು ನಮ್ಮಪ್ಪ ನೆಟ್ಟ ಮರ, ನೋಡು, ಸೊಟ್ಟಗೈತೆ" ಅಂದ. ಮತ್ತೆ ಚೆಂಬಿನ ಮಾತು ಎತ್ತಲಿಲ್ಲ.

ನಾನು ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಮೂವತ್ತು ವರ್ಷದಲ್ಲಿ ಅವರು ನನ್ನ ಬಗ್ಗೆ ಇಷ್ಟು ಉದ್ದದ ಮಾತು ನನ್ನ ಎದುರಿಗೆ ಆಡಿದ್ದಿಲ್ಲ. ಅಡಿಗೆ ಚೆನ್ನಾಗಿದ್ದರೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು, ಅಷ್ಟೆ.

ಒಪ್ಪಿಗೆ ಪತ್ರ ಬೇರೆ ಹಾಳೆಯಲ್ಲಿ ಬರೆದು, ಸಹಿ ಮಾಡಿ ಇಟ್ಟಿದ್ದೇನೆ. ತಗಡು ಪೋಸ್ಟಿನಲ್ಲಿ ಕಳಿಸಲು ಮನಸ್ಸಿಲ್ಲ. ನಾನೇ ತರುತ್ತೇನೆ. ಇಂದ್ರೇಶ ಜೊತೆಗೆ ಬರುತ್ತಾನೆ. ಎಂಟನೆಯ ತಗಡಿನಿಂದ ಉಳಿದ ಏಳು ಅಚ್ಚು ತೆಗೆಯಲು ಬರುತ್ತದೆಯೇ? ಅವರಿಲ್ಲದೆ ತೆಗೆಯಬಹುದೇ? ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ, ಕೇಳುತ್ತಿದ್ದೇನೆ.

ತಗಡುಗಳಿಗೆ ಸ್ವಲ್ಪ ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿಕೊಂಡು ಬರುತ್ತೇನೆ.

ವಿಶಾಲಮ್ಮ


ಮೈಸೂರು
12 ಆಗಸ್ಟ್ 2024

ಅಮ್ಮ, ಹುಣಸೆಹಣ್ಣು ಬೇಡ. ಏನೂ ಬೇಡ. ಉಜ್ಜಬೇಡಿ. ಅದೇ ಪಂಚೆಯಲ್ಲಿ ಸುತ್ತಿಕೊಂಡು ಹಾಗೇ ಬನ್ನಿ.

ತೆಗೆಯಬಹುದು. ಅವರು ಪೆನ್ಸಿಲಿನಲ್ಲಿ ಹತ್ತು ಎಂದು ಬರೆದಿದ್ದಾರಲ್ಲ, ಅದೇ ಅವರ ಮಾತು.

ಹೇಮಾ


ಮೈಸೂರು
24 ಸೆಪ್ಟೆಂಬರ್ 2024

ಅಮ್ಮ,

ನಿನ್ನೆ ಪ್ರದರ್ಶನ ಮುಗಿಯಿತು. ನೀವು ಆಗಸ್ಟಿನಲ್ಲಿ ಇಲ್ಲಿದ್ದ ಎರಡು ದಿನದ ಮಸಿ ನನ್ನ ಉಗುರಿನಿಂದ ಇನ್ನೂ ಹೋಗಿಲ್ಲ. ನಿಮ್ಮದು ಹೋಯಿತೇ? ಪ್ರೆಸ್ಸಿನ ಚಕ್ರವನ್ನು ನೀವು ಒರಳು ತಿರುಗಿಸಿದ ಹಾಗೆ ತಿರುಗಿಸಿದ್ದನ್ನು ನೋಡಿ ನನ್ನ ವಿದ್ಯಾರ್ಥಿಗಳು ದಂಗಾಗಿದ್ದರು. ನಾನು ಅವರಿಗೆ ಆರು ತಿಂಗಳು ಹೇಳಿಕೊಟ್ಟರೂ ಕೈ ಒಂದೇ ಸಮ ಓಡುವುದಿಲ್ಲ.

ಗೋಡೆಯ ಮೇಲೆ ಎಂಟು ಚಿತ್ರ, ಕೆಳಗೆ ಉದ್ದನೆಯ ಮೇಜಿನ ಮೇಲೆ ಎಂಟು ತಗಡು. ಒಬ್ಬ ಹುಡುಗಿ ಚಪ್ಪಲಿ ಬಿಡುವ ಜಾಗದ ಮುಂದೆ ಬಹಳ ಹೊತ್ತು ನಿಂತಿದ್ದಳು. ಬೇಲೂರಿನವಳಂತೆ. "ನಮ್ಮಜ್ಜಿ ಅಲ್ಲೇ ಚಪ್ಪಲಿ ಕಾಯ್ಕೊಂಡು ಕೂರೋದು, ಇಷ್ಟು ದಿನ ಯಾರಿಗೂ ಹೇಳ್ತಿರ್ಲಿಲ್ಲ" ಎಂದಳು. ಮರುದಿನ ಅಜ್ಜಿಗೆ ವೀಡಿಯೊ ಕಾಲ್ ಮಾಡಿಕೊಂಡು ಮತ್ತೆ ಬಂದಿದ್ದಳು.

ನಿಮ್ಮ ಚಿತ್ರದ ನಾಲ್ಕನೆಯ ಅಚ್ಚಿನಿಂದ ಒಂಬತ್ತನೆಯದರವರೆಗೆ ತೆಗೆದೆವು. ಹತ್ತನೆಯದಕ್ಕೆ ಕಾಗದ ನೆನೆಹಾಕಿದಾಗ ನೀವು "ಸಾಕು ಬಿಡು ಹೇಮಾ" ಎಂದಿರಿ. ಯಾಕೆಂದು ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ತಗಡು ಮೆತ್ತಗಿನ ಬಟ್ಟೆಯಲ್ಲಿದೆ, ಅದಕ್ಕೇನೂ ಆತುರವಿಲ್ಲ.

ಬೇರೊಂದು ಕೇಳುತ್ತೇನೆ. ಚಿತ್ರದಲ್ಲಿರುವ ಊರುಗಳವರೇ ಇವನ್ನು ನೋಡಿಲ್ಲ. ಜನವರಿಯಲ್ಲಿ ಹಳೇಬೀಡಿಗೆ ತಂದರೆ ಹೇಗೆ? ಗ್ಯಾಲರಿ ಅಲ್ಲಿಲ್ಲ. ಮೇಷ್ಟ್ರು ಪಾಠ ಮಾಡಿದ ಕೊಠಡಿಯ ಗೋಡೆ ಇದೆಯಲ್ಲ? ಈಗಿನ ಹೆಡ್‌ಮಾಸ್ಟರ್ ಚನ್ನಬಸವಯ್ಯನವರನ್ನು ನೀವು ಕೇಳಿದರೆ ಇಲ್ಲ ಎನ್ನಲಾರರು.

ಈ ಸಲ ಹಾಸನದಲ್ಲಿ ಬಸ್ ಹತ್ತುತ್ತೇನೆ.

ಹೇಮಾ


ಬಸ್ತಿಹಳ್ಳಿ
29 ಜನವರಿ 2025

ಪ್ರೀತಿಯ ಹೇಮಾ,

ನೀನು ನಿನ್ನೆ ಹೋದೆ. ಎದುರಿಗಿದ್ದಾಗ ಬಾಯಿ ಬರಲಿಲ್ಲ, ಬರೆದರೇ ನನಗೆ ಸರಿ.

ನೀನು ಮೊದಲನೆಯ ದಿನ ಸ್ಕೂಲಿನ ಕೊಠಡಿಯಲ್ಲಿ ಮೊಳೆ ಹೊಡೆಯುತ್ತಿದ್ದಾಗಲೇ ಕೆಂಚಪ್ಪ ಬಂದು ಬಾಗಿಲಲ್ಲಿ ನಿಂತಿದ್ದ, ನೀನು ನೋಡಲಿಲ್ಲ. ಒಳಗೆ ಬರಲು ಸಂಕೋಚ. ಟೀ ಫ್ಲಾಸ್ಕು ನೆಪಕ್ಕೆ. ತನ್ನ ಅಂಗಡಿಯ ಚಿತ್ರದ ಮುಂದೆ ನಿಂತು, ಜೊತೆಗೆ ಬಂದಿದ್ದ ಪುಟ್ಟಸ್ವಾಮಿಗೆ, "ಏನ್ಲಾ, ನನ್ನ ಅಂಗಡಿ ತಡಿಕೆ ಇಷ್ಟು ಹರ್ದೈತಾ?" ಅಂದ. ಪುಟ್ಟಸ್ವಾಮಿ, "ಮೇಷ್ಟ್ರು ಮರ್ಯಾದೆ ನೋಡಿ ಕಮ್ಮಿ ಬರ್ದವ್ರೆ ಕಣ್ಲಾ" ಅಂದ. ಇಡೀ ಕೊಠಡಿ ನಕ್ಕಿತು.

ಆಮೇಲೆ ಕೆಂಚಪ್ಪ ಮೇಜಿನ ಮೇಲಿನ ತಗಡು ನೋಡಿದ. ಮುಖ ಸಣ್ಣದಾಯಿತು. "ಅಮ್ಮಾವ್ರೆ, ಮೇಷ್ಟ್ರು ನನ್ನ ಅಂಗಡೀಗೆ ತಪ್ಪು ಹಾಕ್ಬಿಟ್ಟವ್ರಲ್ಲ. ಟೀ ಚೆನ್ನಾಗಿರ್ಲಿಲ್ವಾ?" ಅಂದ. ತಮಾಷೆಯ ಹಾಗೆ ಕೇಳಿದ, ಆದರೆ ತಮಾಷೆಯಲ್ಲ. ನನಗೆ ಆ ಮುಖ ಗೊತ್ತು. ಮೇ ತಿಂಗಳಲ್ಲಿ ನನ್ನದೂ ಹಾಗೇ ಇತ್ತು.

"ತಪ್ಪಲ್ಲ ಕಣಪ್ಪ ಅದು. ಕೆಲ್ಸ ಸರಿಯಾಗಿ ಮುಗೀತು ಅಂತ. ಹತ್ತು ಚಿತ್ರ ಆದ್ಮೇಲೆ ಹಿಂಗೆ ಗೀರು ಹಾಕ್ತಾರೆ, ಮತ್ತೆ ಯಾರೂ ತೆಗೀಬಾರ್ದು ಅಂತ. ಕೆಟ್ಟೋಗಿದ್ರೆ ನಿನ್ನ ಅಂಗಡೀನ ಉಜ್ಜಿ ಹಾಕಿರೋರು" ಅಂದೆ.

ಅವನು ಸ್ವಲ್ಪ ಹೊತ್ತು ನೋಡಿ, "ಹಂಗಾರೆ ಇದು ಪಾಸಾದಂಗೇ" ಅಂದ. ಎಲ್ಲರಿಗೂ ಟೀ ಕೊಟ್ಟ. ಆಮೇಲೆ ಮೂರು ದಿನ ಬಂದವರಿಗೆಲ್ಲ ಅವನೇ ತಗಡಿನ ವಿಷಯ ಹೇಳುತ್ತಿದ್ದ, ಹುಟ್ಟಿದಾಗಿನಿಂದ ಗೊತ್ತಿರುವವನ ಹಾಗೆ.

ನನ್ನ ಚಿತ್ರ ನೋಡಿದೆ. ಮಕ್ಕಳೆಲ್ಲ ಹೋದ ಮೇಲೆ ಒಬ್ಬಳೇ ನೋಡಿದೆ. ನಾಲ್ಕು ಮಡಿಕೆಯ ಗುರುತು ಹಾಗೇ ಇದೆ. ಚೆನ್ನಾಗಿರುವುದು ಅಷ್ಟು ಇರುವಾಗ ಆ ಮಡಿಸಿದ್ದನ್ನೇ ಯಾಕೆ ಹಾಕಿದೆ? ಅಂತಹ ಕಾಗದ ಮಡಿಸಬಾರದು ಎಂದು ಒಂದು ಮಾತೂ ನನಗೆ ಬರೆಯಲಿಲ್ಲವಲ್ಲ. ಪುಟ್ಟಸ್ವಾಮಿ, "ಈ ಗೆರೆ ಏನಮ್ಮ?" ಅಂತ ಕೇಳಿದ. ನಾನು ಮಡಿಸಿದ್ದು ಅಂದೆ. ಹಾಗೆ ಹೇಳಿದ್ದಕ್ಕೆ ನಾಚಿಕೆಯಾಗಲಿಲ್ಲ.

ಚಿತ್ರದಲ್ಲಿ ನಾನು ಬರೆಯುತ್ತಿರುವ ಡೈರಿ ಯಾವ ವರ್ಷದ್ದೆಂದು ಹುಡುಕಿದೆ. ದಪ್ಪ ನೋಡಿದರೆ 2023ರದ್ದು, ಬ್ಯಾಂಕಿನವರು ಕೊಟ್ಟದ್ದು. ಸೆಪ್ಟೆಂಬರಿನ ಒಂದು ಪುಟದಲ್ಲಿ ಹೀಗಿದೆ: "ಇವರು ಇವತ್ತೂ ಕರ ಕರ. ಬಸದಿ ಬರೆಯುತ್ತಿರಬೇಕು." ಎರಡು ಸಾಲು. ನಗು ಬಂತು. ಅವರು ಹೋದ ಮೇಲೆ ಆ ಡೈರಿ ಓದಿ ನಗು ಬಂದದ್ದು ಇದೇ ಮೊದಲು. ಕೆಳಗೆ ಜಾಗ ಇತ್ತು, ಇವತ್ತಿನ ತಾರೀಖು ಹಾಕಿ, "ಬಸದಿ ಅಲ್ಲ" ಎಂದು ಬರೆದೆ.

ಆಗಸ್ಟಿನಲ್ಲಿ ಸಾಕು ಬಿಡು ಅಂದದ್ದು ಯಾಕೆಂದು ನೀನು ಕೇಳಲಿಲ್ಲ. ಹತ್ತನೆಯದು ಬಂದರೆ ಗೀರು ಹಾಕಬೇಕಲ್ಲ. ಅರ್ಥ ಗೊತ್ತಾದ ಮೇಲೂ ಕೈ ಹೆದರಿತು. ಒಂದು ಬಾಕಿ ಇದ್ದರೆ ಅವರ ಕೆಲಸ ನಡೆಯುತ್ತಲೇ ಇದೆ ಅಂತ ಇರಬಹುದು ಅನ್ನಿಸಿತು.

ಆದರೆ ಕೆಂಚಪ್ಪನಿಗೆ ಹೇಳಿದ ಮಾತನ್ನು ನಾನೂ ಕೇಳಿಸಿಕೊಂಡೆ. ಅವರು ಬಾಕಿ ಇಡುವ ಮನುಷ್ಯ ಅಲ್ಲ. ಒಂದು ಮಗುವಿನ ಅಂಕ ಕೂಡುವುದು ಉಳಿದಿದ್ದರೂ ಊಟಕ್ಕೆ ಏಳುತ್ತಿರಲಿಲ್ಲ.

ಮುಂದಿನ ವಾರ ಗುರುವಾರ ಇಂದ್ರೇಶ ಕಾಯಿ ಲೋಡಿನ ಜೊತೆ ಮೈಸೂರಿಗೆ ಬರುತ್ತಾನೆ. ನಾನೂ ಬರುತ್ತೇನೆ. ಕಾಗದ ನೆನೆಹಾಕಿರು. ಅವರ ಸೂಜಿ ಟ್ರಂಕಿನ ತಳದಲ್ಲಿ ಸಿಕ್ಕಿತು, ಮರದ ಹಿಡಿಯ ಮೇಲೆ ಅವರ ಹೆಬ್ಬೆರಳು ಕೂರುತ್ತಿದ್ದ ಕಡೆ ತಗ್ಗಾಗಿದೆ. ನನ್ನ ಹೆಬ್ಬೆರಳು ಸ್ವಲ್ಪ ಚಿಕ್ಕದು, ಆದರೂ ಹಿಡಿತ ಸಿಗುತ್ತದೆ. ಒಂದು ಹಳೆಯ ಡಬ್ಬದ ಮುಚ್ಚಳದ ಮೇಲೆ ಮೂಲೆಯಿಂದ ಮೂಲೆಗೆ ಎಳೆದು ನೋಡಿದೆ. ನೇರವಾಗಿ ಬಂತು.

ದೋಸೆ ಈ ಸಲ ನಾನು ಕೊಡಿಸುತ್ತೇನೆ.

ನಿನ್ನ,
ವಿಶಾಲಮ್ಮ